ಜನ ಹೆಚ್ಚಿಲ್ಲ, ಬಾಡಿಗೆಗೆ ಮನೆಯೂ ಇಲ್ಲ: ಕೊಡಗಿನ ಈ ಲೆಕ್ಕ ಯಾರಿಗಾದರೂ ಅರ್ಥವಾಗಿದೆಯೇ?

ವರ್ಗವಾಗಿ_ಬಂದವಳು:
ಮಡಿಕೇರಿಗೆ ವರ್ಗವಾಗಿ ಬಂದಿರುವ ಸರ್ಕಾರಿ ಶಾಲೆಯ ಶಿಕ್ಷಕಿ ನಾನು. ಊರು ದಾವಣಗೆರೆ ಕಡೆ. ಗಂಡ, ಇಬ್ಬರು ಮಕ್ಕಳು, ಅತ್ತೆ ಸೇರಿ ಐದು ಜನಕ್ಕೆ ಎರಡು ಕೋಣೆಯ ಒಂದು ಬಾಡಿಗೆ ಮನೆ ಬೇಕು, ಅಷ್ಟೇ. ಊರೆಲ್ಲ ಸುತ್ತಿದರೂ ಸಿಗುತ್ತಿಲ್ಲ. ಖಾಲಿ ಮನೆಗಳು ಇಲ್ಲವೆಂದಲ್ಲ, ಕಣ್ಣೆದುರಿಗೇ ಇವೆ. ಕೇಳಿದರೆ ‘ತಿಂಗಳ ಬಾಡಿಗೆಗೆ ಕೊಡುವುದಿಲ್ಲ, ದಿನದ ಲೆಕ್ಕಕ್ಕಾದರೆ ನೋಡೋಣ’ ಎನ್ನುತ್ತಾರೆ. ಒಬ್ಬರು ಹನ್ನೊಂದು ತಿಂಗಳ ಕರಾರಿಗೆ ಒಪ್ಪಿದರು. ಆದರೆ ದಸರಾ ವಾರ ಮತ್ತು ಡಿಸೆಂಬರಿನ ಕೊನೆಯ ವಾರ ನಾವು ಮನೆ ಬಿಟ್ಟುಕೊಡಬೇಕಂತೆ! ‘ಆ ವಾರ ನಾವೆಲ್ಲ ಛತ್ರದಲ್ಲಿ ಇರಬೇಕೇನಪ್ಪಾ?’ ಎಂದು ಅತ್ತೆ ಕೇಳಿದರು. ಆತ ನಗಲಿಲ್ಲ, ನಿಜವಾಗಿಯೂ ಯೋಚಿಸಿದ.

ಸಿಟ್ಟಿನಲ್ಲಿ ಜನಗಣತಿಯ ಅಂಕಿಗಳನ್ನು ತೆಗೆದು ನೋಡಿದೆ. 2001ರಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರವೂ ಹೆಚ್ಚಿಲ್ಲ, ಶೇ. 1.09 ಬೆಳವಣಿಗೆ. ಅದೇ ಹತ್ತು ವರ್ಷದಲ್ಲಿ ರಾಜ್ಯ ಬೆಳೆದದ್ದು ಶೇ. 15ಕ್ಕೂ ಮೇಲೆ. ಜನ ಹೆಚ್ಚದ ಊರಿನಲ್ಲಿ ಮನೆಗೆ ಬರ ಹೇಗೆ ಬರುತ್ತದೆ? ತಿಳಿದವರು ಹೇಳಿ.

ಬಾಣೆಗಾರ:
ಹೇಗೆ ಬರುತ್ತದೆ ಎಂದರೆ, ಶನಿವಾರ ಬರುತ್ತದೆ, ಭಾನುವಾರ ಸಂಜೆ ಹೋಗುತ್ತದೆ.

ಲೆಕ್ಕದ_ಪುಸ್ತಕ:
ಮೇಡಂ, ಅಂಕಿ ಸರಿಯಾಗಿದೆ. ಓದುವಾಗ ಎರಡು ವಿಷಯ ಗಮನದಲ್ಲಿರಲಿ. ಒಂದು, 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ. ಅಂದರೆ ನಾವೆಲ್ಲ ಜಗಳವಾಡುತ್ತಿರುವುದು ತೀರಾ ಹಳೆಯ ಅಂಕಿಗಳ ಮೇಲೆ. ಎರಡು, ಜನಸಂಖ್ಯೆ ನಿಂತರೂ ಸಂಸಾರಗಳ ಸಂಖ್ಯೆ ನಿಲ್ಲುವುದಿಲ್ಲ. ಹಿಂದೆ ಒಂದೇ ಸೂರಿನಡಿ ಇದ್ದ ಎಂಟು ಜನ ಈಗ ಮೂರು ಮನೆಯಲ್ಲಿದ್ದಾರೆ. ತಲೆ ಎಂಟೇ, ಒಲೆ ಮೂರು.

ಇದು ಕೊಡಗಿನದೊಂದೇ ಕಥೆಯೂ ಅಲ್ಲ. ಚಿಕ್ಕಮಗಳೂರಿನಲ್ಲಿ ಅದೇ ದಶಕದಲ್ಲಿ ಜನಸಂಖ್ಯೆ ಇಳಿದೇ ಹೋಯಿತು: 11,40,905 ಇದ್ದದ್ದು 11,37,961. ಕಾಫಿ ನಾಡುಗಳೆರಡರದ್ದೂ ಒಂದೇ ರೋಗ. 1991ರಿಂದ 2001ರವರೆಗೆ ಕೊಡಗು ಶೇ. 12ರಷ್ಟು ಬೆಳೆದಿತ್ತು ಎಂಬುದನ್ನೂ ಮರೆಯಬೇಡಿ. ನಿಂತದ್ದು ಆಮೇಲೆ.

ಕಾಫಿಹೂವು:
ಆಮೇಲೆ ಎಂದರೆ ಕಾಫಿ ಬೆಲೆ ಕುಸಿದ ಕಾಲ. 2000ದ ಆಸುಪಾಸಿನಲ್ಲಿ ತೋಟ ಮಾಡಿದವರಿಗೆ ಗೊತ್ತು, ಕೊಯ್ದ ಕೂಲಿಯೂ ಹುಟ್ಟುತ್ತಿರಲಿಲ್ಲ. ಓದಿದ ಮಕ್ಕಳೆಲ್ಲ ಬೆಂಗಳೂರು, ಮೈಸೂರು ಹಿಡಿದರು. ಸೈನ್ಯಕ್ಕೆ ಹೋಗುವವರು ಹೇಗೂ ಹೋಗುತ್ತಿದ್ದರು. ಉಳಿದದ್ದು ಅಪ್ಪ, ಅಮ್ಮ, ಎರಡು ನಾಯಿ. ನಮ್ಮ ಊರಿನಲ್ಲಿ ಸಾವಿನ ಮನೆಗೆ ಹೆಗಲು ಕೊಡಲು ನಾಲ್ಕು ಜನ ಗಟ್ಟಿ ಆಳು ಸಿಗುವುದು ಕಷ್ಟವಾಗಿದೆ. ಪುತ್ತರಿ ಹಬ್ಬಕ್ಕೆ ಮಾತ್ರ ರಸ್ತೆ ತುಂಬ ಕಾರು.

ಹೋಮ್‌ಸ್ಟೇ_ಯಜಮಾನ:
ಬೈಯಲು ಸಿಗುವವರು ನಾವೇ ಎಂದು ಗೊತ್ತು. ಇರಲಿ, ನನ್ನ ಲೆಕ್ಕ ಕೇಳಿ. ಎಂಟು ಎಕರೆ ತೋಟ. ಮಗಳ ಇಂಜಿನಿಯರಿಂಗ್ ಶುಲ್ಕ ಕಟ್ಟಿದ್ದು ಕಾಫಿಯಲ್ಲ, ಮನೆಯ ಹಿಂಬದಿಯ ಎರಡು ಕೋಣೆ. ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಹತ್ತೋ ಹನ್ನೆರಡೋ ಸಾವಿರ. ರಜೆಯ ವಾರಾಂತ್ಯಗಳು ಸೇರಿ ಬಂದರೆ ಅಷ್ಟು ಮೂರೇ ದಿನದಲ್ಲಿ ಬರುತ್ತದೆ. ನಾಳೆ ಬಾಡಿಗೆದಾರ ಖಾಲಿ ಮಾಡುವುದಿಲ್ಲ ಎಂದರೆ ಕೋರ್ಟು ಅಲೆಯಬೇಕು. ಪ್ರವಾಸಿ ಹನ್ನೊಂದು ಗಂಟೆಗೆ ಚೀಲ ಹೆಗಲಿಗೇರಿಸಿ ತಾನಾಗಿಯೇ ಹೋಗುತ್ತಾನೆ. ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಬಾಣೆಗಾರ:
ಎಂಟು ಎಕರೆಯವರ ಮೇಲೆ ಯಾರಿಗೂ ಸಿಟ್ಟಿಲ್ಲ ಅಣ್ಣ. ತಾನು ವಾಸವಿಲ್ಲದ ಮನೆಗೆ ಹೋಮ್‌ಸ್ಟೇ ಬೋರ್ಡು ಹಾಕಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯನ್ನೂ ಮಾಡಿಸದೆ, ನಾಲ್ಕು ನಾಲ್ಕು ಮನೆ ನಡೆಸುವವರಿದ್ದಾರಲ್ಲ, ಅವರ ಮಾತು. ಮನೆಯವರು ಮನೆಯಲ್ಲಿಲ್ಲದಿದ್ದರೆ ಅದು ಲಾಡ್ಜು. ಲಾಡ್ಜಿನ ತೆರಿಗೆ ಕಟ್ಟಲಿ.

ಹೋಮ್‌ಸ್ಟೇ_ಯಜಮಾನ:
ಅದಕ್ಕೆ ನನ್ನದೂ ಒಂದು ಮತ ಹಾಕಿಕೊಳ್ಳಿ. ನಮ್ಮ ದರ ಒಡೆದವರೂ ಅವರೇ.

ವರ್ಗವಾಗಿ_ಬಂದವಳು:
ನನ್ನ ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ನಿಗದಿಯಾಗುವುದು ಊರಿನ ಜನಸಂಖ್ಯೆಯ ಮೇಲೆ. ಬೆಂಗಳೂರಿಗೆ ಒಂದು ದರ, ಮೈಸೂರು, ಹುಬ್ಬಳ್ಳಿಯಂಥವಕ್ಕೆ ಒಂದು, ಉಳಿದ ಊರುಗಳಿಗೆಲ್ಲ ಮೂಲ ವೇತನದ ಶೇ. 7.5. ಮಡಿಕೇರಿ ಪಟ್ಟಣದಲ್ಲಿ 2011ರಲ್ಲಿ ಇದ್ದವರು 33,381 ಜನ. ಹಾಗಾಗಿ ನಮಗೆ ಕೊನೆಯ ದರ. ವಾರಾಂತ್ಯಕ್ಕೆ ಬಂದು ಬಾಡಿಗೆ ಏರಿಸುವವರನ್ನು ಆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಬಾಡಿಗೆ ಕೊಡುವಾಗ ಮಾತ್ರ ಅವರ ಜೊತೆ ನಾವು ಪೈಪೋಟಿ ನಡೆಸಬೇಕು.

ಗೋಣಿಕೊಪ್ಪದ_ನರ್ಸ್:
ಇದು ಪಾಯಿಂಟು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ವಿದ್ಯಾರ್ಥಿಗಳು, ಕಿರಿಯ ವೈದ್ಯರು, ನಾವು, ಎಲ್ಲರೂ ಅದೇ ನಾಲ್ಕು ಮನೆಗೆ ಅರ್ಜಿ ಹಾಕುವವರೇ. ನನ್ನ ಜೊತೆಯವಳೊಬ್ಬಳು ಇರುವ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದ ನೀರು ಜಿನುಗುತ್ತದೆ. ಬಟ್ಟೆ ಒಣಗದೆ ಸಮವಸ್ತ್ರವನ್ನು ಇಸ್ತ್ರಿ ಪೆಟ್ಟಿಗೆಯಿಂದಲೇ ಒಣಗಿಸಿ ಡ್ಯೂಟಿಗೆ ಬರುತ್ತಾಳೆ. ಬಾಡಿಗೆ ಕಡಿಮೆ ಮಾಡಿ ಎಂದರೆ ‘ಮಳೆ ನಾನು ಸುರಿಸುತ್ತಿಲ್ಲ’ ಎಂದರಂತೆ ಮನೆಯ ಮಾಲೀಕರು.

ವಾರಾಂತ್ಯದ_ಬೆಂಗಳೂರಿಗ:
ನನ್ನದೂ ಒಂದು ಮನೆ ಇದೆ ಅಲ್ಲಿ. ಕಾನೂನಿನ ಪ್ರಕಾರ ಕೊಂಡದ್ದು, ಕಾನೂನಿನ ಪ್ರಕಾರ ಕಟ್ಟಿಸಿದ್ದು. ಊರಿನ ಗಾರೆಯವರಿಗೆ ಕೆಲಸ ಸಿಕ್ಕಿತು, ಊರಿನ ಅಂಗಡಿಯಿಂದಲೇ ಸಾಮಾನು ತೆಗೆದುಕೊಂಡೆ. ಮಾರಿದವರೂ ಊರಿನವರೇ ಅಲ್ಲವೇ? ಹೊರಗಿನವರನ್ನು ಬೈಯುವ ಮೊದಲು ಅದನ್ನೂ ಹೇಳಿ.

ಕಾಫಿಹೂವು:
ವರ್ಷಕ್ಕೆ ಎಷ್ಟು ದಿನ ಅಲ್ಲಿರುತ್ತೀರಿ ಸರ್?

ವಾರಾಂತ್ಯದ_ಬೆಂಗಳೂರಿಗ:
ಅದು ನನ್ನ ಇಷ್ಟ.

ಕಾಫಿಹೂವು:
ಸರಿ. ಉತ್ತರ ಸಿಕ್ಕಿತು.

ಸಿದ್ದಾಪುರದ_ಹುಡುಗ:
ಇಷ್ಟೂ ಹೊತ್ತು ನಡೆದದ್ದು ಪಟ್ಟಣದ ಬಾಡಿಗೆಯ ಮಾತು. ಕೊಡಗಿನ ಮನೆಯ ಕಥೆ ಎಂದರೆ ಲೈನ್‌ಮನೆಯನ್ನು ಬಿಟ್ಟು ಹೇಳುವ ಹಾಗಿಲ್ಲ. ನನ್ನ ಅಮ್ಮ ಮೂವತ್ತಕ್ಕೂ ಹೆಚ್ಚು ವರ್ಷ ತೋಟದ ಕೆಲಸ ಮಾಡಿದವಳು. ನಾನು ಹುಟ್ಟಿದ್ದು ಲೈನ್‌ಮನೆಯಲ್ಲಿ. ನೋಡದವರಿಗಾಗಿ ಹೇಳುತ್ತೇನೆ: ಸಾಲಾಗಿ ಆರೋ ಎಂಟೋ ಬಾಗಿಲು. ಪ್ರತಿ ಬಾಗಿಲಿನ ಹಿಂದೆ ಒಂದು ಕೋಣೆ, ಅದರ ಮೂಲೆಯಲ್ಲೇ ಸೌದೆ ಒಲೆ. ನಡುವಿನ ಗೋಡೆ ಸೂರಿನ ತನಕ ಹೋಗುವುದಿಲ್ಲ, ಪಕ್ಕದ ಮನೆಯವರ ಕೆಮ್ಮು, ಜಗಳ, ರೇಡಿಯೋ ಎಲ್ಲ ನಮ್ಮದೇ. ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದೆವು. ಶಾಲೆಗೆ ಹೋದರೆ ಅಂಗಿಯ ಹೊಗೆ ವಾಸನೆಯಿಂದಲೇ ಯಾವ ಲೈನಿನ ಮಕ್ಕಳು ಎಂದು ಗೊತ್ತಾಗುತ್ತಿತ್ತು.

ಆ ಮನೆಗೆ ಬಾಡಿಗೆ ಇಲ್ಲ, ನಿಜ. ಕೆಲಸ ಬಿಟ್ಟ ದಿನ ಮನೆಯೂ ಇಲ್ಲ, ಅದೂ ನಿಜ. ಸಾಹುಕಾರರ ಬಳಿ ಮುಂಗಡ ಸಾಲ ತೆಗೆದುಕೊಂಡವರು ಬಿಡುವ ಹಾಗೂ ಇಲ್ಲ. ರೇಷನ್ ಕಾರ್ಡಿಗೆ ವಿಳಾಸದ ದಾಖಲೆ ಬೇಕೆಂದರೆ ತೋಟದ ರೈಟರನ್ನು ಹಿಡಿದು ಚೀಟಿ ಬರೆಸಬೇಕಿತ್ತು. ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ಶೇ. 10ಕ್ಕೂ ಹೆಚ್ಚು. ಯರವರು, ಜೇನುಕುರುಬರು, ಬೆಟ್ಟಕುರುಬರು, ಪಣಿಯರು. ಇವರಲ್ಲಿ ಸ್ವಂತ ಮನೆಯ ಹಕ್ಕುಪತ್ರ ಇರುವವರು ಎಷ್ಟು ಜನ ಎಂದು ನಿಮ್ಮ ಪಕ್ಕದ ಹಾಡಿಗೆ ಹೋಗಿ ಕೇಳಿ.

ಲೆಕ್ಕದ_ಪುಸ್ತಕ:
ಕಾನೂನಿನ ಕಡೆಯಿಂದ ಒಂದು ಮಾತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ ಮನೆ ಕೊಡುವುದು ತೋಟದ ಮಾಲೀಕರ ಹೊಣೆ ಎಂದೇ ಬರೆದಿತ್ತು. ಆದರೆ ಅದು ತಾನಾಗಿ ಅನ್ವಯವಾಗುತ್ತಿದ್ದದ್ದು ಐದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ, ಹದಿನೈದು ಅಥವಾ ಹೆಚ್ಚು ಕಾರ್ಮಿಕರಿರುವ ತೋಟಕ್ಕೆ. ಕೊಡಗಿನಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು. ಕಾಯ್ದೆ ಇದ್ದದ್ದು ಒಂದು ಕಡೆ, ಕಾರ್ಮಿಕರು ಇದ್ದದ್ದು ಇನ್ನೊಂದು ಕಡೆ.

ಕಾವೇರಿತೀರ:
ದಿಡ್ಡಳ್ಳಿ ನೆನಪಿದೆಯೇ? 2016ರ ಡಿಸೆಂಬರ್. ಲೈನ್‌ಮನೆಗಳಿಂದ ಹೊರಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಎಬ್ಬಿಸಿದರು. ಚಳಿಯಲ್ಲಿ ಮಕ್ಕಳು, ಮುದುಕರು ಬಯಲಿನಲ್ಲಿ. ಹೋರಾಟ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಕೊನೆಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟರು. ಮನೆ ಅಲ್ಲಿ, ಕೂಲಿ ಸಿಗುವ ತೋಟ ಇಲ್ಲಿ. ಬೆಳಿಗ್ಗೆ ಜೀಪಿನಲ್ಲಿ ತುಂಬಿಸಿಕೊಂಡು ಬರುತ್ತಾರೆ.

ಬಾಣೆಗಾರ:
ದಿಡ್ಡಳ್ಳಿಯ ವಿಷಯದಲ್ಲಿ ಅರಣ್ಯದ ಜಾಗವನ್ನು ಹಾಗೇ ಬಿಟ್ಟುಕೊಡಲಾಗುತ್ತಿತ್ತೇ? ಆನೆ ಎಲ್ಲಿಗೆ ಹೋಗಬೇಕು?

ಸಿದ್ದಾಪುರದ_ಹುಡುಗ:
ಆನೆಯ ದಾರಿಯಲ್ಲಿ ರೆಸಾರ್ಟ್ ಎದ್ದಾಗ ಈ ಪ್ರಶ್ನೆ ಕೇಳಿದ್ದಿರಾ ಅಣ್ಣ? ಕೇಳಿದ್ದರೆ ನನ್ನ ಮಾತು ಹಿಂದಕ್ಕೆ.

ಬಾಣೆಗಾರ:
ಕೇಳಿದ್ದೇನೆ. ಗ್ರಾಮಸಭೆಯಲ್ಲೇ ಕೇಳಿದ್ದೇನೆ. ಯಾರೂ ಉತ್ತರ ಕೊಡಲಿಲ್ಲ.

ಪೊನ್ನಂಪೇಟೆ_ಬೆಳೆಗಾರ:
ಈಗ ಲೈನ್‌ಮನೆಯಲ್ಲಿ ಇರುವವರು ಯಾರು ಎಂಬುದನ್ನೂ ಹೇಳಿ. ಅರ್ಧಕ್ಕರ್ಧ ಅಸ್ಸಾಂ ಕಡೆಯವರು. ಊರಿನ ಹುಡುಗರು ತೋಟದ ಕೆಲಸಕ್ಕೆ ಬರುವುದಿಲ್ಲ. ರೋಬಸ್ಟಾ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯ ತನಕ, ಆಗ ಆಳು ಸಿಗದಿದ್ದರೆ ಹಣ್ಣು ನೆಲಕ್ಕೆ. ಕೆಲವರು ‘ಎಲ್ಲಿಂದಲೋ ಬಂದವರು, ದಾಖಲೆ ಇಲ್ಲ’ ಎಂದು ಪ್ರತಿ ವರ್ಷ ಗಲಾಟೆ ಎಬ್ಬಿಸುತ್ತಾರೆ. ಗಲಾಟೆ ಎಬ್ಬಿಸಿದವರ ತೋಟದಲ್ಲೂ ಕೊಯ್ಯುತ್ತಿರುವವರು ಅವರೇ. ನಾನು ಆಧಾರ್ ಪ್ರತಿ ತೆಗೆದುಕೊಂಡು ಠಾಣೆಗೆ ಕೊಟ್ಟು, ಎರಡು ಶೌಚಾಲಯ ಕಟ್ಟಿಸಿದ್ದೇನೆ. ಅದು ದೊಡ್ಡ ಉಪಕಾರ ಎಂದಲ್ಲ. ಕಟ್ಟಿಸದಿದ್ದರೆ ಮರುವರ್ಷ ಅವರು ಪಕ್ಕದ ತೋಟಕ್ಕೆ ಹೋಗುತ್ತಾರೆ.

ಲೆಕ್ಕದ_ಪುಸ್ತಕ:
ಇದರಲ್ಲೇ ಒಂದು ತಮಾಷೆ ಇದೆ. 2011ರ ಗಣತಿಯ ಮುಖ್ಯ ಸುತ್ತು ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ರೋಬಸ್ಟಾ ಕೊಯ್ಲಿನ ಕಾಲ! ಆ ಅವಧಿಯಲ್ಲಿ ಪೂರ್ತಿ ತಮ್ಮ ಊರಿನಿಂದ ದೂರವಿದ್ದವರನ್ನು ಸಿಕ್ಕಲ್ಲೇ ಎಣಿಸಬೇಕೆಂಬುದು ನಿಯಮ. ಅಂದರೆ 5,54,519ರಲ್ಲಿ ಹೊರಗಿನ ಕೂಲಿಯವರೂ ಒಂದಿಷ್ಟು ಇದ್ದಿರಬೇಕು. ಊರಿನವರ ಲೆಕ್ಕ ಇನ್ನೂ ಕೆಳಗಿರಬಹುದು.

ಕುಶಾಲನಗರ_ಕಿರಾಣಿ:
ಮೇಡಂ ಕುಶಾಲನಗರಕ್ಕೆ ಬನ್ನಿ. ಸಮತಟ್ಟು ನೆಲ, ಮಳೆ ಕಡಿಮೆ, ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಣಾ ಘಟಕಗಳಿವೆ, ನದಿ ದಾಟಿದರೆ ಬೈಲಕುಪ್ಪೆ. ಬಡಾವಣೆಗಳು ಏಳುತ್ತಲೇ ಇವೆ. ಮಡಿಕೇರಿಗೆ 30 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆ. ಜಿಲ್ಲೆಯಲ್ಲಿ ಬೆಳೆಯುತ್ತಿರುವ ಊರು ಎಂದರೆ ನಮ್ಮದೊಂದೇ. ಅದಕ್ಕೇ ಪ್ರತ್ಯೇಕ ತಾಲ್ಲೂಕೂ ಆಯಿತು.

ಕಾವೇರಿತೀರ:
ಬೆಳೆಯುತ್ತಿದೆ, ಸರಿ. ನದಿಯೊಳಕ್ಕೇ ಬೆಳೆಯುತ್ತಿದೆ. ಹಳೆಯ ಗದ್ದೆಗಳಿಗೆ ಮಣ್ಣು ತುಂಬಿಸಿ ಬಡಾವಣೆ ಮಾಡಿ, ಮಳೆಗಾಲದಲ್ಲಿ ‘ನೀರು ಮನೆಗೆ ನುಗ್ಗಿತು’ ಎನ್ನುವುದು. ನೀರು ತನ್ನ ಜಾಗಕ್ಕೆ ಬಂದಿದೆ. ನೆಲ್ಯಹುದಿಕೇರಿ, ಕರಡಿಗೋಡಿನವರು 2019ರಲ್ಲಿ ಇದನ್ನೇ ಕಂಡರು. ಆದರೆ ಅಲ್ಲಿ ದಡದ ಮೇಲಿದ್ದವರು ಬೇರೆ ಜಾಗ ಕೊಳ್ಳಲಾರದೆ ಅಲ್ಲಿದ್ದವರು. ನಿಮ್ಮ ಬಡಾವಣೆಯವರು ಹಣ ಕೊಟ್ಟು ಬಂದವರು. ವ್ಯತ್ಯಾಸವಿದೆ.

ಕುಶಾಲನಗರ_ಕಿರಾಣಿ:
ನಾನು ಇರುವುದು ಎತ್ತರದಲ್ಲಿ.

ಮಕ್ಕಂದೂರಿನವಳು:
ಎತ್ತರದಲ್ಲಿದ್ದ ನಮ್ಮ ಕಥೆ ಕೇಳಿ. 2018ರ ಆಗಸ್ಟಿನಲ್ಲಿ ಬೆಟ್ಟವೇ ಜಾರಿತು. ಮನೆ, ಏಲಕ್ಕಿ, ಕೊಟ್ಟಿಗೆ, ಗದ್ದೆ ಯಾವುದು ಎಲ್ಲಿತ್ತೆಂದು ತೋರಿಸಲೂ ಆಗದಷ್ಟು ಮಣ್ಣು. ಜಿಲ್ಲೆಯಲ್ಲಿ ಇಪ್ಪತ್ತರಷ್ಟು ಜನ ಹೋದರು. ಪರಿಹಾರ ಕೇಂದ್ರ, ಆಮೇಲೆ ಬಾಡಿಗೆ ಮನೆ. ಸರ್ಕಾರ ಬಾಡಿಗೆಗೆಂದು ತಿಂಗಳಿಗೆ ಹತ್ತು ಸಾವಿರ ಕೊಡುತ್ತದೆ ಎಂದು ಗೊತ್ತಾದ ವಾರವೇ ಆರು ಸಾವಿರದ ಮನೆ ಹತ್ತು ಸಾವಿರವಾಯಿತು. ಮಡಿಕೇರಿಯಲ್ಲಿ ಬಾಡಿಗೆ ಏರಿದ್ದಕ್ಕೆ ನಮ್ಮ ದುರಂತವೂ ಒಂದು ಕಾರಣ, ಮೇಡಂ.

ನಮಗೆ ಕೊನೆಗೆ ಜಂಬೂರಿನಲ್ಲಿ ಮನೆ ಸಿಕ್ಕಿತು. ಎರಡು ಮಲಗುವ ಕೋಣೆ, ಗಟ್ಟಿ ಮನೆ, ಸುಳ್ಳು ಹೇಳುವುದಿಲ್ಲ. ಒಂದಕ್ಕೆ 9.85 ಲಕ್ಷ ಖರ್ಚು ಎಂದು ಪತ್ರಿಕೆಯಲ್ಲೆಲ್ಲ ಬಂತು. ಆದರೆ ಮೂವತ್ತು ನಲವತ್ತರ ನಿವೇಶನದಲ್ಲಿ ಹಸು ಕಟ್ಟುವುದು ಎಲ್ಲಿ? ಕಾಳುಮೆಣಸು ಒಣಗಿಸುವುದು ಎಲ್ಲಿ? ಉಳಿದ ಚೂರು ತೋಟ ಹಳೆಯ ಊರಿನಲ್ಲೇ ಇದೆ. ನನ್ನ ಮಾವ ಇಂದಿಗೂ ಬೆಳಿಗ್ಗೆ ಬಸ್ ಹತ್ತಿ ಅಲ್ಲಿಗೆ ಹೋಗಿ, ಬಿರುಕು ಬಿಟ್ಟ ಹಳೆಯ ಮನೆಯ ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಾರೆ. ‘ಅಲ್ಲಿ ಇರಬಾರದು’ ಎಂದು ನೋಟಿಸ್ ಬಂದಿದೆ. ‘ನಾನು ಇರುತ್ತಿಲ್ಲ, ಊಟ ಮಾಡುತ್ತಿದ್ದೇನೆ’ ಎನ್ನುತ್ತಾರೆ.

ಗೋಣಿಕೊಪ್ಪದ_ನರ್ಸ್:
ಅಕ್ಕ, ಆ ವರ್ಷ ನಾನು ಪರಿಹಾರ ಕೇಂದ್ರದಲ್ಲಿ ಡ್ಯೂಟಿ ಮಾಡಿದ್ದೆ. ರಾತ್ರಿ ಮಳೆ ಜೋರಾದರೆ ಯಾರೂ ಮಲಗುತ್ತಿರಲಿಲ್ಲ.

ವಾರಾಂತ್ಯದ_ಬೆಂಗಳೂರಿಗ:
ಅಷ್ಟಾದ ಮೇಲೂ ಬೆಟ್ಟ ಕಡಿದು ಮನೆ ಕಟ್ಟಲು ಅನುಮತಿ ಕೊಟ್ಟವರು ಯಾರು? ಕೊಂಡವರನ್ನು ಮಾತ್ರ ಬೈದರೆ ಆಯಿತೇ?

ಬಾಣೆಗಾರ:
ಈ ಒಂದು ಮಾತಿಗೆ ನಿಮ್ಮ ಜೊತೆ ನಾನೂ ಇದ್ದೇನೆ. ಬರೆದಿಟ್ಟುಕೊಳ್ಳಿ, ಮತ್ತೆ ಸಿಗುವುದಿಲ್ಲ.

ಪೊನ್ನಂಪೇಟೆ_ಬೆಳೆಗಾರ:
ಊರಿನವರು ಬಾಡಿಗೆಗಾದರೂ ಮನೆ ಕಟ್ಟಬಾರದೇ ಎನ್ನುವವರಿಗೆ: ಜಮ್ಮಾ ಜಾಗದಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಾಗದಲ್ಲಿ, ಕಟ್ಟಿ ನೋಡಿ, ತಿಳಿಯುತ್ತದೆ. ನಮ್ಮ ಒಕ್ಕದ (ಮನೆತನದ) ಜಾಗ ಇಂದಿಗೂ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ ಹೆಸರಿನಲ್ಲಿದೆ. ಪಹಣಿಯಲ್ಲಿ ಅಜ್ಜನ ಕಾಲದವರ ಹೆಸರುಗಳು, ಪಾಲು ಮಾತ್ರ ಬಾಯಿಮಾತಿನಲ್ಲಿ. ಸಾಲ ಕೇಳಿದರೆ ಬ್ಯಾಂಕಿನವರು ಎಲ್ಲರ ಸಹಿ ಬೇಕೆನ್ನುತ್ತಾರೆ. ಎಲ್ಲರೂ ಎಂದರೆ ಒಬ್ಬ ಕೆನಡಾದಲ್ಲಿ, ಒಬ್ಬ ಮೈಸೂರಿನಲ್ಲಿ, ಒಬ್ಬನ ಜೊತೆ ಮಾತೇ ಇಲ್ಲ. ಕಂದಾಯ ಕಾಯ್ದೆಗೆ ತಿದ್ದುಪಡಿ ಬಂದು ಗದ್ದೆಗೆ ಸೇರಿದ ಬಾಣೆ ಜಾಗದ ಮೇಲೆ ಒಡೆತನ ಸಿಕ್ಕಿತು ಎಂದು ಸಿಹಿ ಹಂಚಿದ್ದೆವು. ಕಡತ ಮಾತ್ರ ತಾಲ್ಲೂಕು ಕಚೇರಿಯಲ್ಲಿ ಕೊಳೆಯುತ್ತಿದೆ. ಅದಕ್ಕೇ ಹಣವಿದ್ದವರು ಮೈಸೂರಿನಲ್ಲಿ ಮನೆ ಕೊಳ್ಳುತ್ತಾರೆ, ಅಲ್ಲಿ ದಾಖಲೆ ಶುದ್ಧ.

ಸಿದ್ದಾಪುರದ_ಹುಡುಗ:
ಒಡೆತನ ಇದ್ದೂ ದಾಖಲೆ ಇಲ್ಲ ಎಂಬ ದುಃಖ ನಿಮ್ಮದು. ನಮ್ಮವರು ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಮನೆ ಕಟ್ಟಿ, ಸಕ್ರಮ ಮಾಡಿಕೊಡಿ ಎಂದು 94ಸಿ ಅರ್ಜಿ ಹಾಕಿ ಕುಳಿತಿದ್ದಾರೆ. ಸರ್ವೆಯವರು ಬಂದಾಗ ‘ಇದು ಅರಣ್ಯ’ ಎನ್ನುತ್ತಾರೆ, ಅರಣ್ಯದವರು ಬಂದಾಗ ‘ಇದು ಕಂದಾಯ’ ಎನ್ನುತ್ತಾರೆ.

ಪೊನ್ನಂಪೇಟೆ_ಬೆಳೆಗಾರ:
ಅದು ನನಗೂ ಗೊತ್ತು ತಮ್ಮ. ಪೈಪೋಟಿಗೆ ಹೇಳಿದ್ದಲ್ಲ.

ಕಾಫಿಹೂವು:
ಕಾಫಿ ಬೆಲೆ ಏರಿದ ಮೇಲಾದರೂ ಮಕ್ಕಳು ಹಿಂದಿರುಗುತ್ತಾರೆ ಎಂದುಕೊಂಡಿದ್ದೆ. 2024ರಲ್ಲಿ ರೋಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ದಾಟಿತು, ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ದೇಶದ ಕಾಫಿಯಲ್ಲಿ ಮೂರರಲ್ಲೊಂದು ಪಾಲು ಈ ಒಂದು ಜಿಲ್ಲೆಯದು. ಮಗ ಬಂದ, ನಿಜ. ಚೀಲ ಎಣಿಸಿದ, ಸೋಲಾರ್ ಬೇಲಿ ಹಾಕಿಸಿದ, ಅಂಗಳದ ಕ್ಯಾಮೆರಾವನ್ನು ತನ್ನ ಮೊಬೈಲಿಗೆ ಜೋಡಿಸಿಕೊಂಡ, ಸೋಮವಾರ ಬೆಳಿಗ್ಗೆ ಹೊರಟ. ಈಗ ಬೆಂಗಳೂರಿನಿಂದಲೇ ಕರೆ ಮಾಡಿ ‘ಅಮ್ಮ, ಅಂಗಳದಲ್ಲಿ ಮಂಗ ಬಂದಿದೆ’ ಎನ್ನುತ್ತಾನೆ.

ಬಾಣೆಗಾರ:
ಜನ ಕಡಿಮೆ ಇರುವುದರ ದಂಡ ಬೇರೆಯೂ ಇದೆ. 2008ರ ಕ್ಷೇತ್ರ ವಿಂಗಡಣೆಯಲ್ಲಿ ನಮ್ಮ ಮೂರು ವಿಧಾನಸಭಾ ಸ್ಥಾನ ಎರಡಾಯಿತು, ಸೋಮವಾರಪೇಟೆ ಹೋಯಿತು. 1956ರ ತನಕ ಸ್ವಂತ ರಾಜ್ಯವಾಗಿದ್ದ ನಾಡಿಗೆ ಇಂದು ಇಬ್ಬರು ಶಾಸಕರು, ಸಂಸದರು ಮೈಸೂರಿನ ಜೊತೆ ಪಾಲಿಗೆ. ಮುಂದಿನ ವಿಂಗಡಣೆಗೆ ಏನಾಗುತ್ತದೋ.

ಗೋಣಿಕೊಪ್ಪದ_ನರ್ಸ್:
ಶುರುವಾಯಿತು ರಾಜಕೀಯ. ಮೇಡಂಗೆ ಮನೆ ಹುಡುಕಿ ಮೊದಲು.

ಹೋಮ್‌ಸ್ಟೇ_ಯಜಮಾನ:
ನನ್ನ ಪರಿಚಯದವರೊಬ್ಬರದು ಮಡಿಕೇರಿಯಿಂದ ಸ್ವಲ್ಪ ಕೆಳಗೆ ಒಂದು ಮನೆ ಇದೆ. ವಯಸ್ಸಾದ ದಂಪತಿ, ಮೇಲಿನ ಅಂತಸ್ತು ಖಾಲಿ. ರಾತ್ರಿ ಹೊತ್ತು ಯಾರಾದರೂ ಜೊತೆಗಿದ್ದರೆ ಸಾಕು ಎನ್ನುವವರು. ಬಾಡಿಗೆ ಜಾಸ್ತಿ ಕೇಳುವುದಿಲ್ಲ, ದಸರಾಕ್ಕೆ ಎಬ್ಬಿಸುವುದೂ ಇಲ್ಲ. ಸಂದೇಶ ಕಳುಹಿಸಿ, ಸಂಖ್ಯೆ ಕೊಡುತ್ತೇನೆ. ಒಂದೇ ತೊಂದರೆ, ಬಸ್ ನಿಲ್ದಾಣಕ್ಕೆ ಏರು ದಾರಿ. ಅತ್ತೆಯವರಿಗೆ ಮಂಡಿ ಹೇಗಿದೆ?

ವರ್ಗವಾಗಿ_ಬಂದವಳು:
ಮಂಡಿ ನೋವಿದೆ, ಆದರೆ ಛತ್ರಕ್ಕಿಂತ ಏರು ಮೇಲು ಎನ್ನುತ್ತಿದ್ದಾರೆ. ಸಂದೇಶ ಕಳುಹಿಸಿದ್ದೇನೆ, ನೋಡಿ. ಅಂದ ಹಾಗೆ ಲೆಕ್ಕದ ಪುಸ್ತಕದವರೇ, ಗಣತಿಗೆ ಹೋಗುವವರು ನಮ್ಮಂಥ ಮೇಷ್ಟರುಗಳೇ ಅಲ್ಲವೇ? ಬೀಗ ಹಾಕಿದ ಮನೆ, ಹೋಮ್‌ಸ್ಟೇ ಇವನ್ನೆಲ್ಲ ಹೇಗೆ ಬರೆಯಬೇಕು?

ಲೆಕ್ಕದ_ಪುಸ್ತಕ:
2011ರ ಮನೆಪಟ್ಟಿಯಲ್ಲಿ ಪ್ರತಿ ಮನೆಗೂ ‘ಉಪಯೋಗ’ ಎಂಬ ಒಂದು ಕಾಲಂ ಇತ್ತು. ವಾಸ, ವಾಸದ ಜೊತೆ ಇತರ ಉಪಯೋಗ, ಅಂಗಡಿ, ಹೋಟೆಲ್ ಅಥವಾ ಲಾಡ್ಜ್, ಹೀಗೆ. ಖಾಲಿ ಮನೆಗೆ ಪ್ರತ್ಯೇಕ ಗುರುತು. ಮನೆಯವರು ಅಲ್ಲೇ ಇದ್ದು ಕೋಣೆ ಕೊಡುತ್ತಿದ್ದರೆ ‘ವಾಸದ ಜೊತೆ ಇತರ ಉಪಯೋಗ’. ಯಾರೂ ಇಲ್ಲದೆ ಆಳೊಬ್ಬ ಕೀ ಹಿಡಿದು ನಿಂತಿದ್ದರೆ ಏನು ಬರೆಯಬೇಕು ಎಂಬುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಬಾಣೆಗಾರ:
ಲಾಡ್ಜ್ ಎಂದು ಬರೆಯಿರಿ ಮೇಡಂ. ಜಗಳಕ್ಕೆ ಬಂದರೆ ನನ್ನ ಹೆಸರು ಹೇಳಿ.

ವಾರಾಂತ್ಯದ_ಬೆಂಗಳೂರಿಗ:
ನನ್ನ ಮನೆಗೆ ಬರುವುದಾದರೆ ಶನಿವಾರ ಬನ್ನಿ, ಕಾಫಿ ಕೊಡುತ್ತೇನೆ. ‘ವಾಸ’ ಎಂದೇ ಬರೆಸುತ್ತೇನೆ.

ಕಾಫಿಹೂವು:
ಕಾಫಿ ಪುಡಿ ಯಾವ ಊರಿನದು ಎಂದು ಮೊದಲು ಕೇಳಿ.